ಹೆಡ್‌ಸೆಟ್‌ನಾಗ ರೊಟ್ಟಿ ಸಪ್ಪಳ

ಬೆಂಗಳೂರಾಗ ಪಿಜಿದಾಗ ಇದ್ಕೊಂಡು ರಾತ್ರಿ ಕ್ಯಾಬ್ ಹಿಡದು ಕಾಲ್ ಸೆಂಟರಿಗಿ ಹೋಗ್ತಿದ್ದೆ, ಲಾಕ್‌ಡೌನ್ ಬಂತು ಕಲಬುರಗಿಗಿ ವಾಪಸ್ ಬಂದೆ. 2020ರ ನವೆಂಬರ್‌ದಾಗ ಟೆಲಿಕಾಂ ಇಲಾಖೆಯವ್ರು ನಿಯಮ ಸಡಿಲ ಮಾಡಿ ಕಾಲ್ ಸೆಂಟರಿನವ್ರು ಕಾಯಂ ಮನಿಯಿಂದನೇ ಕೆಲಸಾ ಮಾಡಬಹುದು ಅಂದ್ರು ನೋಡ್ರಿ, ಅವತ್ತಿಂದ ಜೇವರ್ಗಿ ರೋಡಿನ ನಮ್ಮ ಮನಿ ಹಿಂದಿನ ಖೋಲಿನೇ ನನ್ನ ಆಫೀಸು.

ಮೊದಲ ಸಾಮಾನಿನ ವಿಷಯ ಹೇಳ್ತೀನಿ. ವೈಫೈ ನಂಬಬ್ಯಾಡ್ರಿ, ಲ್ಯಾನ್ ಕೇಬಲ್ ಹಾಕ್ಕೋರಿ. ಇನ್ವರ್ಟರ್ ಇದ್ರೂ ರೌಟರಿಗಿ ಒಂದು ಸಣ್ಣ ಯುಪಿಎಸ್ ಬ್ಯಾರೆ ಬೇಕು, ಯಾಕಂದ್ರ ಲೈಟ್ ಹೋಗಿ ಇನ್ವರ್ಟರ್ ಹತ್ತೋ ಅಷ್ಟರಾಗ ರೌಟರ್ ಬಂದ್ ಆಗಿ ವಿಪಿಎನ್, ಅಂದ್ರ ಆಫೀಸಿನ ಸಿಸ್ಟಮ್ಮಿಗಿ ಇರೋ ಕನೆಕ್ಷನ್, ಕಟ್ ಆಗ್ತದ, ಮಾತಾಡ್ಲತ್ತ ಕಾಲ್ ಅಲ್ಲೇ ಸತ್ತು ಹೋಗ್ತದ. ಇನ್ನ ಮೇ ತಿಂಗಳು ನಮ್ಮ ಕಡಿ ಬಿಸಲು ನಿಮಗ ಗೊತ್ತದ, ಕೂಲರ್ ಹಚ್ಚಿದ್ರ ಮೈಕಿನಾಗ ಗರ್ ಅಂತ ಕೇಳ್ತದ, ಆರಿಸಿದ್ರ ಕೂಡ್ಲಿಕ್ಕೆ ಆಗಲ್ಲ. ನಾನು ಕೂಲರ್ ಪಡಸಾಲ್ಯಾಗ ಇಟ್ಟು ಬಾಗಲಾ ಅರ್ಧ ತಗದು ಕೂಡ್ತೀನಿ.

ಸಾಮಾನು ಹೆಂಗರ ಹೊಂದಸಬಹುದು. ನಂಗ ಭಾಳ ತ್ರಾಸ ಆಗಿದ್ದು ಒಬ್ಬಳೇ ಕೂಡೋದು. ಕಸ್ಟಮರ್ ಬೈದಾಗ ಆಫೀಸಿನಾಗ ಬಾಜು ಕುರ್ಚಿಯಾಕಿ ಏನೂ ಕೇಳದೇ ನೀರಿನ ಬಾಟ್ಲಿ ಮುಂದ ಸರಸ್ತಿದ್ಲು, ಅಷ್ಟ್ರಾಗ ಅರ್ಧ ಹಗುರ ಆಗ್ತಿತ್ತು. ಇಲ್ಲಿ ಮ್ಯೂಟ್ ಒತ್ತಿ ಗ್ವಾಡಿ ನೋಡ್ತೀನಿ, ಕಣ್ಣ ಒರಸ್ಕೊಳ್ಳೋದ್ರಾಗ ಇನ್ನೊಂದು ಕಾಲ್ ಬಂದು ಬೀಳ್ತದ.

ಒಂದು ಕಾಲ್ ಮಾತ್ರ ಮರಿಯಂಗಿಲ್ಲ. ನಾನಿರೋದು ಬ್ಯಾಂಕಿನ ಕಂಪ್ಲೇಂಟ್ ಲೈನಿನಾಗ. ಚಿಂಚೋಳಿ ಕಡಿ ಒಬ್ಬರು ವಯಸ್ಸಾದವ್ರು, ಎಟಿಎಂದಾಗ 4,000 ರೂಪಾಯಿ ಖಾತೆಯಿಂದ ಕಟ್ ಆಗ್ಯಾವ, ಕೈಗಿ ಬಂದಿಲ್ಲ. 'ಮಷಿನ್ ನನ್ನ ರೊಕ್ಕ ನುಂಗ್ಯಾದ, ತೊಗರಿ ಬೀಜಕ್ಕ ಇಟ್ಟಿದ್ದು' ಅಂದ್ರು, ದನಿ ನಡಗ್ತಿತ್ತು. ನಾನು ಸ್ಕ್ರಿಪ್ಟ್ ಇದ್ದಂಗ 'ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್' ಅಂದೆ. ಆ ಕಡಿ ಮಾತೇ ಇಲ್ಲ. ಲೈನ್ ಹೋಯ್ತೇನೋ ಅನ್ನೋದ್ರಾಗ ಕೇಳಿದ್ರು, 'ನಿಮ್ಮನ್ಯಾಗ ರೊಟ್ಟಿ ಬಡಿಲತ್ತಾರೇನ್ ಯವ್ವಾ?'

ಅಡಗಿ ಮನ್ಯಾಗ ಅವ್ವ ಬಡಿಯೋದು ಪಟ ಪಟ ಅಂತ ಅವರಿಗಿ ಕೇಳ್ಯಾದ. ಹೌದ್ರಿ ಮುತ್ತ್ಯಾ, ನಮ್ಮವ್ವ, ಅಂದೆ. ಆಮ್ಯಾಲ ಸ್ಕ್ರಿಪ್ಟ್ ನೋಡ್ಲೇ ಇಲ್ಲ. ನಿಮ್ಮ ರೊಕ್ಕ ಎಲ್ಲೂ ಹೋಗಿಲ್ರಿ, 5 ದಿನದಾಗ ಖಾತೆಕ್ಕ ತಿರಗಿ ಹಾಕಬೇಕು, ತಡ ಮಾಡಿದ್ರ ದಿನಕ್ಕ 100 ರೂಪಾಯಿ ಬ್ಯಾಂಕಿನವ್ರೇ ಸೇರಿಸಿ ಕೊಡಬೇಕು, ರಿಸರ್ವ್ ಬ್ಯಾಂಕ್ 2019ರಾಗೇ ಈ ನಿಯಮ ಮಾಡ್ಯಾದ ಅಂತ ಹೇಳ್ದೆ. ಕಂಪ್ಲೇಂಟ್ ನಂಬರ್ ಒಂದೊಂದೇ ಅಂಕಿ ಬರಸ್ದೆ, ಅವರ ಮೊಮ್ಮಗ ತಿರಗಿ ಓದಿ ಹೇಳ್ದ. 11 ನಿಮಿಷ ಆಯ್ತು, ಒಂದು ಕಾಲಿಗಿ ನಮಗಿರೋದು 6.

ಕ್ವಾಲಿಟಿಯವ್ರು ಆ ಕಾಲ್ ಕೇಳಿ ಹಿಂದಿನ ಸಪ್ಪಳಕ್ಕ ಒಂದಿಷ್ಟು, ಸರ್ ಅನ್ನೋದು ಬಿಟ್ಟು 'ಮುತ್ತ್ಯಾ' (ಅಜ್ಜ) ಅಂದಿದ್ದಕ್ಕ ಒಂದಿಷ್ಟು ಮಾರ್ಕ್ಸ್ ಕಟ್ ಮಾಡಿದ್ರು, ಆ ತಿಂಗಳ ಇನ್ಸೆಂಟಿವ್ ಹೋಯ್ತು. ನಾನು ನಮ್ಮ ಟೀಮ್ ಲೀಡರ್, ಟಿಎಲ್‌ಗಿ ಫೋನ್ ಮಾಡಿ ಜಗಳಾನೇ ಆಡ್ದೆ, ಕೇಳೋರಿಗಿ ತಿಳಿಯೋ ಮಾತಿನಾಗ ಹೇಳೋದು ತಪ್ಪು ಹೆಂಗ ಆಗ್ತದ್ರಿ? ಮಾರ್ಕ್ಸ್ ವಾಪಸ್ ಬರ್ಲಿಲ್ಲ. ಆದ್ರೂ ನಮ್ಮ ಕಡಿ ಮಂದಿ ಲೈನಿಗಿ ಬಂದ್ರ ನಾನು ಈಗೂ ಹಿಂಗೇ ಮಾತಾಡ್ತೀನಿ.

ಅವ್ವಗ ಈ ಸುದ್ದಿ ಗೊತ್ತಾಗಿ ಮರದಿನಾನೇ ನಾನು ಲಾಗಿನ್ ಆಗೋಕಿಂತ ಮೊದಲ ರೊಟ್ಟಿ ಬಡದಿಟ್ಟಿದ್ಲು, ಮಧ್ಯಾಹ್ನಕ್ಕ ತಣ್ಣಗ ಆಗಿದ್ವು. ಟಿಎಲ್‌ಗಿ ಕೇಳಿ ನನ್ನ ಬ್ರೇಕ್ 12.30ಕ್ಕ ಹಾಕಿಸ್ಕೊಂಡೀನಿ, ಈಗ ಅವ್ವ ಆ ಹೊತ್ತಿಗೇ ಬಡೀತಾಳ.