ಒಂದು ಬಳಪ, ಒಂದು ನೋಟ್‌ಬುಕ್: ಮಕ್ಕಳ ಜೊತೆ ಹಳೇಬೀಡಿಗೆ ಹೋಗೋದು ಹೇಗೆ?

ರಜೆ ಶುರುವಾದ ಮೂರನೇ ದಿನಕ್ಕೆ ಮನೆಯಲ್ಲಿ ಒಂದೇ ರಾಗ. ‘ಅಮ್ಮಾ, ಎಲ್ಲಾದ್ರೂ ಕರ್ಕೊಂಡು ಹೋಗು.’ ನಮ್ಮದು ಹಾಸನ. ಬಸ್ಸು ಹತ್ತಿದರೆ ಹಳೇಬೀಡು ಸುಮಾರು 30 ಕಿಲೋಮೀಟರ್. ಚಿಕ್ಕಮಗಳೂರಿನವರಿಗೂ ಬೇಲೂರು ದಾಟಿದರೆ ಸಿಕ್ಕಿಬಿಡುವ ಊರು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದು ನೋಡುತ್ತಾರೆ. ನಮ್ಮ ಮಕ್ಕಳಿಗೆ ಅದು ಪುಕ್ಕಟೆ. ಆದರೂ ನಾವು ಮಾಡುವುದೇನು? ನೆಂಟರು ಬಂದಾಗ ಒಂದು ಸುತ್ತು ಹಾಕಿಸಿ, ಫೋಟೊ ತೆಗೆದು, ಎಳನೀರು ಕುಡಿದು ವಾಪಸ್.

ಒಂದು ಸಲ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿದೆವು. ರಾತ್ರಿ ಮಗಳನ್ನು ‘ಏನೇನು ನೋಡಿದೆ ಪುಟ್ಟಾ?’ ಎಂದು ಕೇಳಿದರೆ ‘ಮೆಟ್ಟಿಲು’ ಎಂದಳು. ಪಾಪ, ವಿಂಧ್ಯಗಿರಿಯ ಆರುನೂರು ಚಿಲ್ಲರೆ ಮೆಟ್ಟಿಲು ಹತ್ತಿದ ಮಗು ಇನ್ನೇನು ಹೇಳೀತು? ಅಂದಿನಿಂದ ನಮ್ಮ ಮನೆಯಲ್ಲಿ ಲೆಕ್ಕ ಬದಲಾಯಿತು. ಒಂದು ದಿನಕ್ಕೆ ಒಂದು ಊರು. ಆ ಊರಲ್ಲಿ ಒಂದು ಗೋಡೆ. ಅಷ್ಟನ್ನು ಮಕ್ಕಳು ನಿಧಾನವಾಗಿ ನೋಡಿದರೆ ಸಾಕು.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಟಿಕೆಟ್ ಇಲ್ಲ. ಅದೇ ಆವರಣದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂ ಇದೆ. ಅಲ್ಲಿ ದೊಡ್ಡವರಿಗೆ ಮಾತ್ರ ಸಣ್ಣ ಮೊತ್ತದ ಟಿಕೆಟ್. 15 ವರ್ಷದವರೆಗಿನ ಮಕ್ಕಳಿಗೆ ಉಚಿತ. ನೆನಪಿಡಿ, ಈ ಮ್ಯೂಸಿಯಂಗೆ ಶುಕ್ರವಾರ ರಜೆ. ದೇವಾಲಯ ತೆರೆದಿರುತ್ತದೆ, ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ರಾಜ್ಯ ಸರ್ಕಾರದ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ವಾರದ ರಜೆ ನೋಡಿಕೊಳ್ಳದೆ ಹೊರಟು, ಬೀಗ ಹಾಕಿದ ಬಾಗಿಲ ಮುಂದೆ ಮಕ್ಕಳ ಸಪ್ಪೆ ಮುಖ ನೋಡಿದ ಮೇಲೆ ನಾನು ಫೋನ್ ಮಾಡಿ ಕೇಳದೆ ಎಲ್ಲಿಗೂ ಹೊರಡುವುದಿಲ್ಲ.

ದೊಡ್ಡವರ ಟಿಕೆಟ್ಟೂ ಉಳಿಯಬೇಕೆಂದರೆ ಕೆಲವು ತಾರೀಖುಗಳಿವೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ನವೆಂಬರ್ 19 ವಿಶ್ವ ಪರಂಪರೆ ಸಪ್ತಾಹದ ಮೊದಲ ದಿನ. ಇತ್ತೀಚಿನ ವರ್ಷಗಳಲ್ಲಿ ಈ ದಿನಗಳಲ್ಲಿ ಪುರಾತತ್ವ ಇಲಾಖೆ ಎಲ್ಲರಿಗೂ ಉಚಿತ ಪ್ರವೇಶ ಕೊಡುತ್ತಾ ಬಂದಿದೆ. ಆಯಾ ವರ್ಷದ ಪ್ರಕಟಣೆ ಪೇಪರಿನಲ್ಲಿ ಬರುತ್ತದೆ, ಗಮನಿಸಿ. ನನ್ನನ್ನು ಕೇಳಿದರೆ ಮೇ 18 ಒಳ್ಳೆಯದು. ಶಾಲೆಗೆ ಇನ್ನೂ ಬೇಸಿಗೆ ರಜೆ ಇರುತ್ತದೆ.

ಬಸ್ಸಿನ ಖರ್ಚೂ ಕಡಿಮೆಯೇ. ಶಕ್ತಿ ಯೋಜನೆಯಲ್ಲಿ ಅಮ್ಮ, ಅಜ್ಜಿ, ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ಮರೆಯಬೇಡಿ. ಆರು ದಾಟಿದ ಹುಡುಗರಿಗೆ 12 ವರ್ಷದವರೆಗೆ ಅರ್ಧ ಟಿಕೆಟ್.

ಹಿಂದಿನ ಸಂಜೆಯ ಪಾಠ

ಹೊರಡುವ ಹಿಂದಿನ ದಿನ ಅಂಗಡಿಯಿಂದ ಒಂದು ಕಲ್ಲು ಬಳಪ ತನ್ನಿ. ಸೀಮೆಸುಣ್ಣ ಅಲ್ಲ, ಸ್ಲೇಟಿನ ಮೇಲೆ ಬರೆಯುವ ಬೂದು ಬಣ್ಣದ ಬಳಪ. ಮಕ್ಕಳ ಕೈಗೆ ಒಂದು ಪಿನ್ನು ಕೊಟ್ಟು ಅದರ ಮೇಲೆ ಗೀಚಲು ಹೇಳಿ. ಸುಲಭವಾಗಿ ಗೆರೆ ಬೀಳುತ್ತದೆ, ಬೆರಳಿಗೆ ನುಣುಪಾದ ಪುಡಿ ಅಂಟುತ್ತದೆ. ಆಮೇಲೆ ಅಂಗಳದಿಂದ ಒಂದು ಜಲ್ಲಿಕಲ್ಲು ತಂದು ಅದರ ಮೇಲೂ ಗೀಚಿಸಿ. ಪಿನ್ನು ಜಾರುತ್ತದೆ.

ಹೊಯ್ಸಳರ ಗುಡಿಗಳ ಗುಟ್ಟು ಇಲ್ಲೇ ಇದೆ. ಅವು ಬಳಪದ ಕಲ್ಲಿನ ಗುಡಿಗಳು. ನೆಲದಿಂದ ತೆಗೆದಾಗ ಈ ಕಲ್ಲು ಮೆದು. ಉಳಿಗೆ ಮರದ ಹಾಗೆ ಬಗ್ಗುತ್ತದೆ. ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಕಿವಿಯೋಲೆ, ಕಾಲ್ಗೆಜ್ಜೆ, ಸರದ ಒಂದೊಂದು ಮಣಿ ಬಿಡಿಬಿಡಿಯಾಗಿ ಮೂಡಿದೆ. ಒಂಬತ್ತು ನೂರು ವರ್ಷ ಉಳಿದೂ ಇದೆ. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಬಳಪ ಗೀಚಿದ ಮಗು ಮಾತ್ರ ಮಾರನೇ ದಿನ ಗೋಡೆಯ ಮುಂದೆ ನಿಂತು ತಾನಾಗಿಯೇ ‘ಇದೂ ಬಳಪಾನಾ?’ ಎಂದು ಕೇಳುತ್ತದೆ. ಗೀಚುವ ಆಟ ಮನೆಯಲ್ಲೇ ಮುಗಿಯಬೇಕು. ಪಿನ್ನು, ಬಳಪ ಎರಡನ್ನೂ ಮನೆಯಲ್ಲೇ ಬಿಟ್ಟು ಹೊರಡಿ.

ಚೀಲಕ್ಕೆ ಇಷ್ಟು ಹಾಕಿಕೊಳ್ಳಿ: ಗೆರೆ ಇಲ್ಲದ ನೋಟ್‌ಬುಕ್, ಪೆನ್ಸಿಲ್, ನೀರು, ಬುತ್ತಿ, ಟೋಪಿ ಮತ್ತು ದಪ್ಪ ಕಾಲುಚೀಲ. ಕಾಲುಚೀಲ ಯಾಕೆ ಅಂತೀರಾ? ದೇವಾಲಯದ ಸುತ್ತಲಿನ ಕಲ್ಲಿನ ಜಗಲಿ ಹತ್ತುವ ಮೊದಲು ಚಪ್ಪಲಿ ಬಿಡಬೇಕು. ಹನ್ನೊಂದರ ಮೇಲೆ ಆ ಕಲ್ಲು ಕಾದ ಕಾವಲಿ. ಕಾಲು ಸುಡುತ್ತಿರುವ ಮಗುವಿಗೆ ಯಾವ ಶಿಲ್ಪವೂ ಕಾಣುವುದಿಲ್ಲ. ಸಾಧ್ಯವಾದಷ್ಟು ಬೆಳಿಗ್ಗೆಯೇ ತಲುಪಿ.

ಆನೆಯಿಂದ ಶುರು ಮಾಡಿ

ದೇವಾಲಯದ ಒಳಗೆ ಹೋಗುವ ಮೊದಲು ಹೊರಗೋಡೆಯ ಹತ್ತಿರ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ. ಗೋಡೆಯ ಬುಡದಲ್ಲಿ ಸಾಲುಸಾಲು ಪಟ್ಟಿಕೆಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆ. ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ದೊಡ್ಡವರು ತಲೆ ಎತ್ತಿ ದೇವರ ಮೂರ್ತಿಗಳನ್ನು ನೋಡುತ್ತಾ ನಡೆದುಬಿಡುತ್ತೇವೆ, ಅಲ್ವಾ? ಕೂತ ಮಗುವಿನ ಕಣ್ಣಿಗೆ ಮಾತ್ರ ಆನೆ ನೇರವಾಗಿ ಸಿಗುತ್ತದೆ. ಅದು ಮಕ್ಕಳ ಎತ್ತರದ ಸಾಲು.

ಈಗ ಒಂದೇ ಕೆಲಸ ಕೊಡಿ. ‘ಇಲ್ಲಿಂದ ಆ ಮೂಲೆವರೆಗೆ ಆನೆಗಳನ್ನು ನೋಡ್ತಾ ಹೋಗು. ಒಂದಕ್ಕೊಂದು ಬೇರೆ ಆಗಿರೋ ಮೂರು ಆನೆ ಹುಡುಕಿ ಚಿತ್ರ ಬರೆದುಕೊಂಡು ಬಾ.’ ನನ್ನ ಐದು ವರ್ಷದ ಮಗ ಮೊದಲು ‘ಎಲ್ಲಾ ಒಂದೇ ಥರ ಇದೆ’ ಎಂದ. ಐದು ನಿಮಿಷ ಕಳೆಯುವಷ್ಟರಲ್ಲಿ ಓಡಿ ಬಂದು ಕೈ ಹಿಡಿದು ಎಳೆದ. ಒಂದು ಆನೆ ಸೊಂಡಿಲನ್ನು ಒಳಗೆ ಸುತ್ತಿಕೊಂಡಿತ್ತು. ಇನ್ನೊಂದು ಮುಂದಿನ ಆನೆಯ ಕಡೆಗೆ ಚಾಚಿತ್ತು. ಮತ್ತೊಂದರ ದಂತ ಮುರಿದಿತ್ತು. ‘ಇದಕ್ಕೆ ನೋವಾಗಿದೆ’ ಎಂದು ಅದನ್ನೇ ಬರೆದ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಬರೆಯಲು ಕೂತ ಮಗು ಎರಡು ಸಲ ನೋಡುತ್ತದೆ, ನಮಗೆ ಬೇಕಾದದ್ದು ಅದೇ.

ಎಂಟು ವರ್ಷ ದಾಟಿದವರಿಗೆ ಪುರಾಣದ ಸಾಲು ಕೊಡಿ. ಅಭಿಮನ್ಯುವಿನ ಚಕ್ರವ್ಯೂಹ ಹುಡುಕಲು ಹೇಳಿ. ಮೇಲಿನ ದೊಡ್ಡ ಶಿಲ್ಪಗಳಲ್ಲಿ ಗೋವರ್ಧನ ಎತ್ತಿದ ಕೃಷ್ಣ, ಕೈಲಾಸ ಎತ್ತಿದ ರಾವಣ ಸಿಗುತ್ತಾರೆ. ಇಬ್ಬರೂ ಬೆಟ್ಟ ಎತ್ತಿದವರೇ. ಯಾರು ಯಾರೆಂದು ಹೇಗೆ ಗುರುತಿಸುತ್ತೀಯ ಎಂದು ಕೇಳಿ. ಕಥೆ ಗೊತ್ತಿಲ್ಲದಿದ್ದರೆ ಅಲ್ಲೇ ಕೂತು ಹೇಳಿ. ಅಜ್ಜಿ ಜೊತೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಒಂದು ಮಾತನ್ನು ಮೊದಲೇ ಹೇಳಿಡಿ: ಮುಟ್ಟೋದು ಬೇಡ. ಸುಮ್ನೆ ಗದರಬೇಡಿ, ಕಾರಣ ಹೇಳಿ. ಕೈಯ ಬೆವರು, ಎಣ್ಣೆ ದಿನಕ್ಕೆ ಸಾವಿರ ಜನರದ್ದು ಸೇರಿದರೆ ಕಲ್ಲು ಸವೆಯುತ್ತದೆ, ಕಪ್ಪಾಗುತ್ತದೆ. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಆಮೇಲೆ ಅವರೇ ನಮಗೆ ಹೇಳುತ್ತಾರೆ.

ಮ್ಯೂಸಿಯಂ ಆಮೇಲೆ

ಗೋಡೆ ನೋಡಿದ ಮೇಲೆ ಮ್ಯೂಸಿಯಂಗೆ ಹೋಗಿ, ಮೊದಲಲ್ಲ. ಅಲ್ಲಿರುವುದು ಗೋಡೆಯಿಂದ, ಬಿದ್ದ ಗುಡಿಗಳಿಂದ ಬೇರೆಯಾದ ಬಿಡಿ ಕಲ್ಲುಗಳು. ಗೋಡೆಯಲ್ಲಿ ಮುಂಭಾಗ ಮಾತ್ರ ಕಾಣುತ್ತದೆ. ಇಲ್ಲಿ ಪಕ್ಕಕ್ಕೆ ಹೋಗಿ ನೋಡಬಹುದು. ಕಲ್ಲು ಎಷ್ಟು ದಪ್ಪ? ಹಿಂದೆಯೂ ಕೆತ್ತಿದ್ದಾರಾ? ಈ ಕೈ ಏನು ಹಿಡಿದಿತ್ತು? ‘ಇದು ಆ ಗೋಡೆಯಲ್ಲಿ ಎಲ್ಲಿ ಕೂರಬಹುದಿತ್ತು?’ ಎಂದು ಕೇಳಿ. ಮಗಳು ಒಂದು ತುಂಡನ್ನು ತೋರಿಸಿ ‘ಇದು ಬಳ್ಳಿ ಸಾಲಿನದ್ದು’ ಎಂದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮುರಿದ ಮೂರ್ತಿಗಳ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಮುಚ್ಚಿಡಬೇಡಿ. ಈ ಊರು ಆಗ ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್‌ನ ಸೈನ್ಯ ದಂಡೆತ್ತಿ ಬಂತು. ಮುಂದೆ ರಾಜಧಾನಿಯ ವೈಭವ ಹೋಯಿತು, ಊರು ಹಳೆಯ ಬೀಡಾಯಿತು. ಹೆಸರಿನಲ್ಲೇ ಚರಿತ್ರೆ ಇದೆ.

ಊಟ ಆದ ಮೇಲೂ ಮಕ್ಕಳಿಗೆ ಹುಮ್ಮಸ್ಸಿದ್ದರೆ ಬಸದಿಹಳ್ಳಿಗೆ ನಡೆದು ಹೋಗಿ. 1133ರ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಜನ ಕಡಿಮೆ, ನೆರಳು ಜಾಸ್ತಿ. ನಿದ್ದೆ ಬಂದಿದ್ದರೆ ಬೇಡ, ಮನೆಗೆ ಹೊರಡಿ.

ಅರ್ಧ ದಿನ ಮಾತ್ರ ಬಿಡುವಿದ್ದರೆ ಹಾಸನದ ಮಹಾರಾಜ ಪಾರ್ಕ್‌ನಲ್ಲಿರುವ ಸರ್ಕಾರಿ ಮ್ಯೂಸಿಯಂ ಸಾಕು. ಚಿಕ್ಕಮಗಳೂರಿನವರಿಗೆ ಹತ್ತಿರದಲ್ಲೇ ಬೆಳವಾಡಿಯ ವೀರನಾರಾಯಣ ದೇವಾಲಯವಿದೆ. ಅದೂ ಹೊಯ್ಸಳರದ್ದೇ. ಆನೆ ಹುಡುಕುವ ಬದಲು ಅಲ್ಲಿ ಕಂಬಗಳನ್ನು ಎಣಿಸಲು ಹೇಳಿ, ಒಂದು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ.

ಮನೆಗೆ ಬಂದ ಮೇಲೆ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟ.

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಅವರು ನೂರಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮ ಊರೂರು ಸುತ್ತಿ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳನ್ನು ಹೊರತಂದರು. ಹಾಸನ ಜಿಲ್ಲೆಯದು ಐದನೇ ಸಂಪುಟ, 1902ರದ್ದು. ಚಿಕ್ಕಮಗಳೂರಿನವರು ಆರನೆಯದನ್ನು ನೋಡಬೇಕು. ಆಗ ಜಿಲ್ಲೆಯ ಹೆಸರು ಕಡೂರು. ‘ಇಂಟರ್‌ನೆಟ್ ಆರ್ಕೈವ್’ ಎಂಬ ಜಾಲತಾಣದಲ್ಲಿ ಈ ಹಳೆಯ ಸಂಪುಟಗಳು ಉಚಿತವಾಗಿ ಸಿಗುತ್ತವೆ. ತಾಲ್ಲೂಕುವಾರು ಜೋಡಿಸಿದ್ದಾರೆ. ಕನ್ನಡ ಲಿಪಿಯಲ್ಲೇ ಶಾಸನ, ಜೊತೆಗೆ ಇಂಗ್ಲಿಷ್ ಅನುವಾದ. ಮಕ್ಕಳಿಗೆ ಕೆಲಸ ಇಷ್ಟೇ: ನಿಮ್ಮ ಊರಿನ, ಅಜ್ಜಿ ಊರಿನ ಹೆಸರು ಇದೆಯಾ ಹುಡುಕುವುದು. ಕನ್ನಡದಲ್ಲೇ ಓದಲು ಬೇಕಿದ್ದರೆ ರಾಜ್ಯ ಸರ್ಕಾರದ ‘ಕಣಜ’ ಜಾಲತಾಣ ಇದೆ. ಬೇರೆ ಊರಿನ ಮ್ಯೂಸಿಯಂಗಳ ವಸ್ತುಗಳನ್ನು ನೋಡಲು ಕೇಂದ್ರ ಸರ್ಕಾರದ ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ಇದೆ. ಎರಡಕ್ಕೂ ದುಡ್ಡಿಲ್ಲ. ಮನೆಯಲ್ಲಿ ಇಂಟರ್‌ನೆಟ್ ಇಲ್ಲದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ವಿಚಾರಿಸಿ.

ಮುಂದಿನ ಭಾನುವಾರ ನಿಮ್ಮ ಊರಿನ ಗುಡಿಯ ಹಿಂದೆ, ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇದೆಯಾ ನೋಡಿ. ನಮ್ಮ ಕಡೆ ಇಲ್ಲದ ಊರು ಕಡಿಮೆ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲೆ ಲಿಂಗದ ಮುಂದೆ ಕೂತ ವೀರ, ಎರಡು ಮೂಲೆಯಲ್ಲಿ ಸೂರ್ಯ ಚಂದ್ರ. ಕೆಳಗಿನ ಸಾಲಿನಲ್ಲಿ ದನಗಳಿದ್ದರೆ ಅವನು ಊರಿನ ದನ ಉಳಿಸಲು ಹೋರಾಡಿ ಸತ್ತವನು. ಅಜ್ಜಿಯ ಊರಿನಲ್ಲಿ ಮಗಳು ಇದನ್ನು ತಮ್ಮನಿಗೆ ವಿವರಿಸುತ್ತಿದ್ದಳು. ಪಕ್ಕದಲ್ಲಿ ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು ಹತ್ತಿರ ಬಂದು ನಿಂತರು. ‘ನಾವು ಇದರ ಮೇಲೆ ಬಟ್ಟೆ ಒಣಹಾಕ್ತಿದ್ವಲ್ಲವ್ವ’ ಎಂದರು. ಮತ್ತೆ ಒಂದು ಸಲ ಹೇಳು ಎಂದು ಅವಳಿಂದ ಕೆಳಗಿನಿಂದಲೇ ಹೇಳಿಸಿಕೊಂಡರು.