ರಕ್ತದಾನ ಶಿಬಿರಕ್ಕೆ ಸ್ವಯಂಸೇವಕರ ತಂಡ ಕಟ್ಟುವುದು ಹೇಗೆ?

ಯುವಕ ಸಂಘವಿರಲಿ, ಮಹಿಳಾ ಮಂಡಲವಿರಲಿ, ಹಳೆ ವಿದ್ಯಾರ್ಥಿಗಳ ಬಳಗವಿರಲಿ, ‘ಈ ವರ್ಷ ಒಂದು ರಕ್ತದಾನ ಶಿಬಿರ ಮಾಡೋಣ’ ಎಂಬ ಮಾತು ಯಾವುದಾದರೊಂದು ಸಭೆಯಲ್ಲಿ ಬಂದೇ ಬರುತ್ತದೆ. ದಿನ ಗೊತ್ತಾಗುತ್ತದೆ, ಬ್ಯಾನರ್ ಏಳುತ್ತದೆ, ಅತಿಥಿಗಳೂ ಬರುತ್ತಾರೆ. ಅಂದು ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿ ಒಬ್ಬರೇ ಅರ್ಜಿ ತುಂಬಿಸುತ್ತ, ಟೀ ತರಿಸುತ್ತ, ವೈದ್ಯರ ಊಟಕ್ಕೆ ಹೇಳುತ್ತ ಓಡಾಡುತ್ತಿರುತ್ತಾರೆ. ಕೆಲಸ ಮಾಡಲೆಂದೇ ಬಂದ ಹತ್ತಿಪ್ಪತ್ತು ಮಂದಿ ಏನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಿರುತ್ತಾರೆ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಿದ ಸಂಘದಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಇದ್ದೇ ಇರುತ್ತಾರೆ. ಸಂಘದ ಲೆಕ್ಕಪತ್ರಕ್ಕೆ ಅವರು ಬೇಕು. ಶಿಬಿರದ ದಿನಕ್ಕೆ ಬೇಕಾಗುವ ಹಂಚಿಕೆಯೇ ಬೇರೆ. ರಕ್ತ ಕೊಡಲು ಬಂದವರು ಗೇಟು ದಾಟಿ ಒಳಗೆ ಬಂದಾಗಿನಿಂದ ಮನೆಗೆ ಹೊರಡುವವರೆಗೆ ಎಲ್ಲೆಲ್ಲಿ ನಿಲ್ಲುತ್ತಾರೆ, ಯಾರನ್ನು ಏನು ಕೇಳುತ್ತಾರೆ ಎಂಬುದನ್ನು ಹಿಡಿದು ತಂಡ ಕಟ್ಟಬೇಕು.

ಮೊದಲು ಸಂಯೋಜಕರು, ಆಮೇಲೆ ದಿನಾಂಕ

ಎರಡು ತಿಂಗಳ ಮುಂಚೆ ಒಬ್ಬ ಸಂಯೋಜಕರನ್ನು ಆರಿಸಿ. ಅವರು ಅಧ್ಯಕ್ಷರೇ ಆಗಿರಬೇಕೆಂದಿಲ್ಲ. ಅಂದು ವೇದಿಕೆಯ ಮೇಲೆ ಕೂರಬೇಕಾದವರನ್ನು ಈ ಕೆಲಸಕ್ಕೆ ಹಾಕದಿರುವುದೇ ಒಳ್ಳೆಯದು. ರಕ್ತನಿಧಿ ಕೇಂದ್ರದ ಜೊತೆ ಮಾತಾಡುವುದು ಇವರೊಬ್ಬರೇ. ಮೂವರು ಮೂರು ಸಲ ಫೋನ್ ಮಾಡಿದರೆ ಅಲ್ಲಿನವರಿಗೆ ಯಾರ ಮಾತು ಹಿಡಿಯಬೇಕೆಂದೇ ತಿಳಿಯುವುದಿಲ್ಲ. ರಕ್ತ ಸಂಗ್ರಹಿಸುವ ಕೇಂದ್ರಕ್ಕೆ ಪರವಾನಗಿಯೂ ಹೊರಗೆ ಶಿಬಿರ ನಡೆಸುವ ಅನುಮತಿಯೂ ಇರಬೇಕು. ಜಿಲ್ಲಾಸ್ಪತ್ರೆಯ ರಕ್ತನಿಧಿಯನ್ನು ಅಥವಾ ರೆಡ್‌ಕ್ರಾಸ್‌ನ ಜಿಲ್ಲಾ ಶಾಖೆಯನ್ನು ಮೊದಲು ವಿಚಾರಿಸಿ.

ಎಷ್ಟು ಜನ ಬರಬಹುದೆಂದು ಕೇಂದ್ರಕ್ಕೆ ಪ್ರಾಮಾಣಿಕವಾಗಿ ಹೇಳಿ. ಮೂರು ಗಂಟೆಯಲ್ಲಿ 50ರಿಂದ 70 ದಾನಿಗಳ ಶಿಬಿರಕ್ಕೆ ಒಬ್ಬ ವೈದ್ಯಾಧಿಕಾರಿ, ಇಬ್ಬರು ದಾದಿಯರು, ಮೂವರು ತಂತ್ರಜ್ಞರು ಎಂದು ನಿಯಮದಲ್ಲೇ ಲೆಕ್ಕವಿದೆ. 200 ಜನ ಬರುತ್ತಾರೆ ಎಂದು ಹೇಳಿ 40 ಜನ ಬಂದರೆ ಆಸ್ಪತ್ರೆಯ ಸಿಬ್ಬಂದಿಯ ಒಂದು ದಿನ ವ್ಯರ್ಥ. 40 ಎಂದು ಹೇಳಿ 200 ಜನ ಬಂದರೆ, ಕಾದು ಬೇಸತ್ತವರು ಮುಂದಿನ ವರ್ಷ ಇತ್ತ ತಿರುಗಿಯೂ ನೋಡುವುದಿಲ್ಲ.

ದಿನ ಗೊತ್ತುಮಾಡುವಾಗ ಊರಿನ ಪಂಚಾಂಗವೂ ಕೈಯಲ್ಲಿರಲಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬಾರದು, ಹಾಗಾಗಿ ಏಕಾದಶಿಯ ದಿನವೂ ರಂಜಾನ್ ತಿಂಗಳೂ ಬೇಡ. ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಕೊಡಗು ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು ನಡೆಯುವಾಗ ಕರೆದರೆ ಯಾರಿಗೂ ಬಿಡುವಿರುವುದಿಲ್ಲ.

ಕರೆಯುವ ತಂಡ

ಈ ತಂಡಕ್ಕೆ ನಾಲ್ಕೈದು ಜನ ಸಾಕು, ಆದರೆ ಬೇರೆ ಬೇರೆ ಬೀದಿಯವರಾಗಿರಲಿ. ಬ್ಯಾನರ್ ನೋಡಿ ಬರುವವರು ಕಡಿಮೆ. ಪರಿಚಯದವರು ಫೋನ್ ಮಾಡಿ, ‘ಭಾನುವಾರ ಹತ್ತೂವರೆಗೆ ಬರ್ತೀಯಲ್ಲ, ತಿಂಡಿ ತಿಂದುಕೊಂಡೇ ಬಾ’ ಎಂದರೆ ಬರುವವರೇ ಹೆಚ್ಚು. ಒಬ್ಬೊಬ್ಬರಿಗೆ ಹದಿನೈದಿಪ್ಪತ್ತು ಹೆಸರು ಹಂಚಿ, ಬರುವವರಿಗೆ ಗಂಟೆಗಿಷ್ಟು ಜನರಂತೆ ಹೊತ್ತು ಗೊತ್ತುಮಾಡಿಕೊಡಿ.

ಕರೆಯುವವರಿಗೆ ಕೆಲವು ಸಂಗತಿ ಬಾಯಿಪಾಠವಾಗಿರಬೇಕು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. ತೆಗೆಯುವುದು 350 ಮಿಲಿ, ತೂಕ 55 ಕಿಲೋಗಿಂತ ಹೆಚ್ಚಿದ್ದವರಿಂದ 450 ಮಿಲಿವರೆಗೆ. ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡವರು, ಔಷಧಿ ತೆಗೆದುಕೊಳ್ಳುತ್ತಿರುವವರು ಕೇಳಿದರೆ ‘ಬನ್ನಿ, ವೈದ್ಯರು ಹೇಳುತ್ತಾರೆ’ ಎನ್ನುವುದಷ್ಟೇ ನಮ್ಮ ಕೆಲಸ. ಅರ್ಹತೆ ತೀರ್ಮಾನಿಸುವ ಅಧಿಕಾರ ಸ್ವಯಂಸೇವಕರಿಗಿಲ್ಲ.

ಹಣದ ಮಾತು ಎಲ್ಲೂ ಬರಬಾರದು. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನಂತೆ 1998ರ ಜನವರಿ 1ರಿಂದ ದುಡ್ಡಿಗಾಗಿ ರಕ್ತ ಕೊಡುವುದು ನಿಷಿದ್ಧ. ದುಡ್ಡಿನ ಆಸೆಗೆ ಬಂದವರು ಕಾಯಿಲೆ ಮುಚ್ಚಿಡಬಹುದೆಂಬುದು ಆ ತೀರ್ಪಿನ ಹಿಂದಿದ್ದ ಆತಂಕ. ‘ರಕ್ತ ಕೊಟ್ಟವರಿಗೆ ಬಹುಮಾನ’ ಎಂಬ ಪ್ರಚಾರ ಮಾಡಿದರೆ ಅದೇ ಅಪಾಯ ಹಿಂಬಾಗಿಲಿಂದ ಬರುತ್ತದೆ.

ಸ್ಥಳ ಮತ್ತು ನೋಂದಣಿ

ಸ್ಥಳದ ತಂಡಕ್ಕೆ ಮೂವರು ಸಾಕು. ಗಾಳಿ ಬೆಳಕಿರುವ ಕೋಣೆ, ನೀರು, ಶೌಚಾಲಯ, ಕರೆಂಟು ಹೋದರೆ ಜನರೇಟರ್, ಕೇಂದ್ರದ ವಾಹನ ಬಾಗಿಲವರೆಗೆ ಬರಲು ದಾರಿ. ಇಷ್ಟನ್ನು ಹಿಂದಿನ ದಿನ ಸಂಜೆಯೇ ನೋಡಿ ಮುಗಿಸಬೇಕು. ಮೆಟ್ಟಿಲು ಹತ್ತಿಳಿಯುವ ಮಹಡಿಯ ಸಭಾಂಗಣ ಬೇಡ.

ನೋಂದಣಿ ಮೇಜಿನಲ್ಲಿ ಅಕ್ಷರ ಚೆನ್ನಾಗಿರುವ ಇಬ್ಬರು, ಓದಲು ಬಾರದವರಿಗೆ ಅರ್ಜಿ ಓದಿ ಹೇಳಲು ಇನ್ನೊಬ್ಬರು. ಪಿಯುಸಿ ಓದುವ ಮಕ್ಕಳು 18 ತುಂಬದೆ ರಕ್ತ ಕೊಡುವಂತಿಲ್ಲ, ಆದರೆ ಟೋಕನ್ ಕೊಡುವುದು, ದಾರಿ ತೋರಿಸುವುದು ಅವರಿಗೆ ಖುಷಿಯ ಕೆಲಸ.

ಇಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ತಂಡದವರೆಲ್ಲರಿಗೂ ಮುಂಚೆಯೇ ಕೂರಿಸಿ ಹೇಳಬೇಕು. ದಾನಿಯ ಅರ್ಜಿಯಲ್ಲಿ ಕಾಯಿಲೆಯ ಬಗ್ಗೆ, ಖಾಸಗಿ ಬದುಕಿನ ಬಗ್ಗೆ ಪ್ರಶ್ನೆಗಳಿರುತ್ತವೆ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಪಕ್ಕದಲ್ಲಿ ಸಂಘದ ಸದಸ್ಯ ನಿಂತಿದ್ದರೆ ಯಾರು ತಾನೇ ನಿಜ ಹೇಳಿಯಾರು? ಸಂಗ್ರಹಿಸಿದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷಿಸುತ್ತಾರೆ ನಿಜ. ಆದರೂ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೂ ಅದು ಸಿಗದಿರಬಹುದು, ಆಗ ದಾನಿ ಹೇಳುವ ನಿಜವೇ ರೋಗಿಗೆ ರಕ್ಷೆ. ಆದ್ದರಿಂದ ಓದಿ ಹೇಳುವವರು ಹೆಸರು, ವಿಳಾಸದ ಭಾಗಕ್ಕೇ ನಿಲ್ಲಲಿ, ಆರೋಗ್ಯದ ಪ್ರಶ್ನೆಗಳನ್ನು ಕೇಂದ್ರದ ಸಿಬ್ಬಂದಿಯೇ ಕೇಳಲಿ. ವೈದ್ಯರ ಮೇಜಿನ ಸುತ್ತ ಪರದೆ ಕಟ್ಟಿ. ಫೋಟೊ ತೆಗೆಯುವವರು ಅತ್ತ ಸುಳಿಯಬಾರದು.

ವಾಪಸ್ಸು ಕಳಿಸಿದವರ ಜೊತೆ ಒಬ್ಬರು

ಈ ಕೆಲಸಕ್ಕೆ ಜನ ಹಾಕುವುದನ್ನು ಬಹುತೇಕ ಸಂಘಗಳು ಮರೆಯುತ್ತವೆ. ಶಿಬಿರಕ್ಕೆ ಬಂದ ಹೆಂಗಸರಲ್ಲಿ ಹಲವರಿಗೆ ಹಿಮೋಗ್ಲೋಬಿನ್ ಸಾಲುವುದಿಲ್ಲ. ಮನೆಗೆಲಸ ಬಿಟ್ಟು, ಧೈರ್ಯ ಮಾಡಿ ಬಂದವರನ್ನು ‘ನಿಮ್ಮದು ಆಗಲ್ಲ’ ಎಂದು ಎಲ್ಲರೆದುರು ಕಳಿಸಿಬಿಟ್ಟರೆ ಅವರಿಗೆ ಅವಮಾನವಾಗುತ್ತದೆ. ಮೆಲುವಾಗಿ ಮಾತಾಡುವ ಹಿರಿಯ ಹೆಂಗಸೊಬ್ಬರನ್ನು ಆ ಜಾಗದಲ್ಲಿ ಕೂರಿಸಿ. ಟೀ ಕೊಟ್ಟು, ‘ಅಕ್ಕ, ಇವತ್ತು ಪರೀಕ್ಷೆಯಾಗಿ ಗೊತ್ತಾಗಿದ್ದೇ ಒಳ್ಳೆಯದಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ, ತೋರಿಸಿಕೊಳ್ಳಿ’ ಎನ್ನಲಿ. ವಾಪಸ್ಸು ಹೋದ ಕಾರಣವನ್ನು ಮಾತ್ರ ಯಾರನ್ನೂ, ಗಂಡಸರನ್ನಾಗಲಿ ಹೆಂಗಸರನ್ನಾಗಲಿ, ಕೇಳಬಾರದು. ಅವರಾಗಿಯೇ ಹೇಳಿದರೆ ಕೇಳಿಸಿಕೊಂಡು ಅಲ್ಲಿಗೇ ಬಿಡಬೇಕು.

ಟೀ ಬಿಸ್ಕತ್ತಿನ ಕೋಣೆ

ಇದು ಸುಲಭದ ಕೆಲಸವೆಂದು ಹೊಸಬರನ್ನು ಹಾಕುತ್ತಾರೆ. ನನ್ನ ಮಟ್ಟಿಗೆ ಇಲ್ಲಿಯೇ ಅತ್ಯಂತ ಎಚ್ಚರದವರು ಇರಬೇಕು. ಹಾಸಿಗೆಯಿಂದ ಎದ್ದು ಬಂದವರು ಕಾಲು ಗಂಟೆಯಾದರೂ ಕೂತು, ಜ್ಯೂಸು ಕುಡಿದು, ಏನಾದರೂ ತಿಂದೇ ಹೊರಡಬೇಕು. ‘ನಂಗೇನಾಗಿಲ್ಲ’ ಎಂದು ಬೈಕ್ ಹತ್ತಲು ಹೊರಡುವ ಹುಡುಗರನ್ನು ಪ್ರೀತಿಯಿಂದ ತಡೆದು ಕೂರಿಸಬಲ್ಲವರು ಬೇಕು. ಮಾತು ಬಡಿಸುವವರ ಕಡೆ ಇದ್ದರೂ ಕಣ್ಣು ಕೂತವರ ಮುಖದ ಮೇಲಿರಲಿ. ಮುಖ ಬಿಳುಚಿ, ಬೆವರು ಬಂದು, ಆಕಳಿಕೆ ಶುರುವಾದರೆ ತಲೆ ಸುತ್ತುವ ಸೂಚನೆ. ಕೂಡಲೇ ಚಾಪೆಯ ಮೇಲೆ ಮಲಗಿಸಿ, ಕಾಲನ್ನು ಎತ್ತರಕ್ಕಿಟ್ಟು, ದಾದಿಯನ್ನು ಕರೆಯಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ನೀರು ಹಾಕಬಾರದು. ಒಂದು ಚಾಪೆ, ಎರಡು ದಿಂಬು ಆ ಕೋಣೆಯಲ್ಲೇ ಸಿದ್ಧವಿರಲಿ.

ಪಟ್ಟಿ ಹಿಡಿಯುವವರು

ಶಿಬಿರ ಮುಗಿದ ಮೇಲೂ ಉಳಿಯುವ ತಂಡ ಇದೊಂದೇ. ರಕ್ತವನ್ನು ಹೆಚ್ಚು ದಿನ ಕೂಡಿಡಲು ಆಗುವುದಿಲ್ಲ. ಕೆಂಪು ಕಣಗಳು 35ರಿಂದ 42 ದಿನ ಉಳಿದರೆ, ಪ್ಲೇಟ್‌ಲೆಟ್ ಐದೇ ದಿನ. ಒಬ್ಬ ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ 500 ಯೂನಿಟ್ ಸಂಗ್ರಹಿಸಿ ಪತ್ರಿಕೆಯಲ್ಲಿ ಹಾಕಿಸುವುದಕ್ಕಿಂತ, ಮೂರು ತಿಂಗಳಿಗೊಮ್ಮೆ 50 ಯೂನಿಟ್ ಕೊಡುವ ಸಂಘ ಆಸ್ಪತ್ರೆಗೆ ದೊಡ್ಡ ಆಸರೆ. ಥಲಸ್ಸೇಮಿಯಾ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಅವರು ಯಾರ ಹುಟ್ಟುಹಬ್ಬಕ್ಕೂ ಕಾಯುವಂತಿಲ್ಲ.

ಈ ತಂಡಕ್ಕೆ ಇಬ್ಬರು ಸಾಕು, ಒಬ್ಬರು ಊರಲ್ಲಿಲ್ಲದಾಗ ಇನ್ನೊಬ್ಬರು. ಒಪ್ಪಿದವರ ಹೆಸರು, ಫೋನ್, ರಕ್ತದ ಗುಂಪು, ಕೊಟ್ಟ ದಿನ ಇಷ್ಟೇ ಬರೆದುಕೊಳ್ಳಿ. ಆರೋಗ್ಯದ ವಿವರ ಬೇಡ. ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹೆಣ್ಣುಮಕ್ಕಳ ನಂಬರು ಅಲ್ಲಿಂದ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ತುರ್ತು ಕರೆ ಬಂದಾಗಲೂ ಉತ್ತರಿಸುವವರು ಇವರೇ. ರೋಗಿ ಯಾವ ಆಸ್ಪತ್ರೆಯಲ್ಲಿದ್ದಾರೆ, ಯಾವ ವಾರ್ಡು, ಬೇಕಿರುವುದು ಇಡೀ ರಕ್ತವೋ ಪ್ಲೇಟ್‌ಲೆಟ್ಟೋ, ಎಷ್ಟು ಹೊತ್ತಿಗೆ ಎಂದು ಕೇಳಿ, ಆಸ್ಪತ್ರೆಗೇ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲಷ್ಟೇ ದಾನಿಯನ್ನು ಎಬ್ಬಿಸಬೇಕು. ದಿನಾಂಕವಿಲ್ಲದ ‘ಅರ್ಜೆಂಟ್ ರಕ್ತ ಬೇಕಿದೆ’ ಸಂದೇಶಗಳು ವರ್ಷಗಟ್ಟಲೆ ಓಡಾಡುತ್ತಿರುತ್ತವೆ, ಅವುಗಳನ್ನು ಮುಂದೆ ಕಳಿಸಬೇಡಿ.

ಶಿಬಿರವಾದ ವಾರದೊಳಗೆ ಎಲ್ಲ ತಂಡದವರೂ ಅರ್ಧ ಗಂಟೆ ಸೇರಿ. ಖರ್ಚಿನ ರಸೀದಿಗಳನ್ನು ಖಜಾಂಚಿಗೆ ಒಪ್ಪಿಸಿ, ಎಲ್ಲಿ ಸಾಲು ನಿಂತಿತು, ಯಾರಿಗೆ ಕೆಲಸ ಭಾರವಾಯಿತು ಎಂದು ಬರೆದಿಡಿ. ಮುಂದಿನ ಸಲ ಸಂಯೋಜಕರು ಬದಲಾಗಲಿ, ಈ ಸಲದವರು ಜೊತೆಗಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಹಾಗಾಗಿ ವಿದ್ಯಾರ್ಥಿ ದಾನಿಗಳು ಸಿಗುವುದಿಲ್ಲ. ರಕ್ತನಿಧಿಗಳಿಗೆ ಅದು ಕೊರತೆಯ ಕಾಲ. ಪಟ್ಟಿಯಲ್ಲಿ 90 ಅಥವಾ 120 ದಿನ ತುಂಬಿದವರನ್ನು ಗುರುತು ಮಾಡಿಟ್ಟುಕೊಂಡು, ಆ ಎರಡು ತಿಂಗಳಲ್ಲಿ ವಾರಕ್ಕೆ ಐದಾರು ಜನರನ್ನು ನೇರವಾಗಿ ರಕ್ತನಿಧಿಗೇ ಕಳಿಸಿ. ಅದಕ್ಕೆ ಶಾಮಿಯಾನವೂ ಬೇಡ, ಅತಿಥಿಗಳೂ ಬೇಡ, ಪಟ್ಟಿ ಹಿಡಿದ ಇಬ್ಬರು ಫೋನ್ ಮಾಡಿದರಾಯಿತು.