ಹಳ್ಳದ ದಾರಿಗೆ ಕ್ಯಾಮೆರಾ ಕಟ್ಟಿದ್ದು

ಹೊಸನಗರದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಮೇಲೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಸರ್ಕಾರಿ ಕಾಡು, ಕೆಳಗೆ ಹಳ್ಳ. ಬೆಳಿಗ್ಗೆ ಹೋದರೆ ಹಳ್ಳದ ಮರಳಿನಲ್ಲಿ ದಿನಾ ಹೊಸ ಹೆಜ್ಜೆ. ರಾತ್ರಿ ಯಾರು ಯಾರು ಬಂದು ಹೋಗ್ತಾರೆ ಅಂತ ನೋಡುವ ಆಸೆಗೆ ಎದುರು ಪ್ರಾಣಿ ಬಂದರೆ ತಾನೇ ಫೋಟೋ ತೆಗೆಯುವ ಒಂದು ಟ್ರೈಲ್ ಕ್ಯಾಮೆರಾ ತಂದೆ.

ತಂದವನೇ ಹಳ್ಳಕ್ಕಿಳಿಯುವ ಕಾಲುದಾರಿಯ ಮತ್ತಿ ಮರಕ್ಕೆ ಎದೆಯೆತ್ತರದಲ್ಲಿ ಕಟ್ಟಿದೆ. ವಾರ ಬಿಟ್ಟು ಕಾರ್ಡ್ ತೆಗೆದರೆ ಸಾವಿರಕ್ಕೂ ಜಾಸ್ತಿ ಫೋಟೋ. ಹೆಚ್ಚುಕಮ್ಮಿ ಎಲ್ಲದರಲ್ಲೂ ಗಾಳಿಗೆ ಅಲ್ಲಾಡುವ ಒಂದೇ ಜರಿಗಿಡ! ಕ್ಯಾಮೆರಾದ ಸೆನ್ಸರ್ ಪ್ರಾಣಿಯನ್ನು ಗುರುತಿಸುವುದಿಲ್ಲ. ಎದುರು ಬಿಸಿಯಾದದ್ದು ಏನಾದರೂ ಕದಲಿದರೆ ಅದಕ್ಕೆ ಸಾಕು. ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ ಕ್ಲಿಕ್. ರಾತ್ರಿಯದು ಇನ್ನೊಂದು ತೊಂದರೆ. ಹತ್ತಿರದ ಎಲೆಗೆ ಕ್ಯಾಮೆರಾ ಚೆಲ್ಲುವ ಇನ್ಫ್ರಾರೆಡ್ (ಅವಕೆಂಪು) ಬೆಳಕು ಬಡಿದು ಅದೊಂದೇ ಬೆಳ್ಳಗೆ ಹೊಳೆಯುತ್ತದೆ, ಹಿಂದೆ ನಿಂತ ಪ್ರಾಣಿ ಕತ್ತಲಲ್ಲೇ ಉಳಿಯುತ್ತದೆ.

ಈಗ ಮೊದಲು ಕತ್ತಿ ಹಿಡಿದು ಎದುರಿನ ಕಳೆ ಸವರುತ್ತೇನೆ. ಮೊಣಕಾಲೆತ್ತರಕ್ಕೆ ಕಟ್ಟುತ್ತೇನೆ. ಮೊಲದಷ್ಟೇ ಇರುವ, ಜಿಂಕೆಯಂಥ ಬರ್ಕದಿಂದ ಹಿಡಿದು ಚಿರತೆಯವರೆಗೆ ಆ ಎತ್ತರ ಒಳ್ಳೆಯದು, ಕಾಟಿ (ಕಾಡುಕೋಣ) ಬಂದರೆ ಮಾತ್ರ ಕಾಲು, ಹೊಟ್ಟೆ ಅಷ್ಟೇ. ದಾರಿಯಿಂದ ಮೂರ್ನಾಲ್ಕು ಮೀಟರ್ ದೂರ, ಸ್ವಲ್ಪ ಓರೆಯಾಗಿ. ಪೂರ್ವ, ಪಶ್ಚಿಮಕ್ಕೆ ಮುಖ ಮಾಡಿದರೆ ಸೂರ್ಯನೇ ಫೋಟೋ ಹಾಳು ಮಾಡುತ್ತಾನೆ. ತೆಳ್ಳಗಿನ ಅಡಿಕೆ ಮರ ಬೇಡ, ಗಾಳಿಗೆ ಬಾಗುತ್ತದೆ. ಕಟ್ಟಿದ ಮೇಲೆ ಅದರ ಎದುರು ನಾನೇ ಅಂಬೆಗಾಲಿಟ್ಟು ಹೋಗುತ್ತೇನೆ. ಸುಮ್ನೆ ಅಂದಾಜಿಗೆ ಬಿಟ್ಟರೆ ತಲೆಯಿಲ್ಲದ ಹಂದಿ, ಬಾಲ ಮಾತ್ರ ಇರುವ ಕಬ್ಬೆಕ್ಕು ಸಿಗುತ್ತವೆ.

ಮೂರನೇ ವಾರ ಹೋದಾಗ ಮರದಲ್ಲಿ ಬೆಲ್ಟಿನ ಗುರುತು ಮಾತ್ರ ಇತ್ತು. ಕ್ಯಾಮೆರಾ ಇಲ್ಲ. ಎರಡು ದಿನ ಊಟ ರುಚಿಸಲಿಲ್ಲ.

ಎರಡನೆಯದು ತಂದಾಗ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೆಟ್ಟಿಗೆ ಮಾಡಿಸಿದೆ. ಉಕ್ಕಿನ ಹಗ್ಗದ ಬೀಗ ಪೆಟ್ಟಿಗೆಯನ್ನೂ ಮರವನ್ನೂ ಸುತ್ತಿ ಬರುತ್ತದೆ. ಮರಕ್ಕೆ ಮೊಳೆ ಹೊಡೆಯುವುದಿಲ್ಲ. ಹೊಳಪು ಹೋಗಲಿ ಅಂತ ಪೆಟ್ಟಿಗೆಗೆ ಕೆಮ್ಮಣ್ಣು ಬಳಿದೆ. ಕ್ಯಾಮೆರಾಕ್ಕೆ ಪಾಸ್‌ವರ್ಡ್ ಹಾಕಿದೆ. ರಾತ್ರಿ ಸಣ್ಣಗೆ ಕೆಂಪು ಕಾಣುವ 850 ನ್ಯಾನೊಮೀಟರ್ ಬೆಳಕಿನದು ಬಿಟ್ಟು, ಕಣ್ಣಿಗೆ ಕಾಣದ 940ರದ್ದು ಆರಿಸಿದೆ. ಫೋಟೋ ಸ್ವಲ್ಪ ಮಂಕು, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟೆಲ್ಲ ಮಾಡಿ ಅದೇ ಮರಕ್ಕೆ ಕಟ್ಟುವಾಗ ಪಕ್ಕದ ಮನೆಯ ಅಮ್ಮ ಸೊಪ್ಪಿನ ಹೊರೆ ಹೊತ್ತು ಬಂದರು.

“ತಮ್ಮಾ, ಇದು ನಮ್ಮ ಫೋಟೋನೂ ತೆಗೀತದಾ?”

“ಹೌದಮ್ಮಾ, ಎದುರು ಬಂದವರದ್ದೆಲ್ಲ ತೆಗೀತದೆ.”

“ಹಾಗಾದ್ರೆ ನಾವು ಹೆಂಗಸರು ಈ ದಾರಿಯಲ್ಲಿ ಓಡಾಡೋದು ಹ್ಯಾಗೆ?”

ನನಗೆ ಅದು ಹೊಳೆದೇ ಇರಲಿಲ್ಲ. ಬೇಜಾರಾಯಿತು. ಆಗಲೇ ಬಿಚ್ಚಿ, ತೋಟದ ಅಗಳದ ಆಚೆ, ಹಂದಿ ನುಸುಳುವ ಕಂಡಿಯ ಎದುರು ಕಟ್ಟಿದೆ. ಅಲ್ಲಿ ಮನುಷ್ಯರು ಓಡಾಡುವುದಿಲ್ಲ, ಜಾಗವೂ ನಮ್ಮದೇ. ಸೊಪ್ಪಿನ ಬೆಟ್ಟ ನಮ್ಮ ಸ್ವಂತದ್ದಲ್ಲ ಅಲ್ವಾ, ಕಾಡಿನೊಳಗೆ ಕಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಕ್ಕಪಕ್ಕದ ನಾಲ್ಕು ಮನೆಗೂ ಹೋಗಿ ಹೇಳಿ ಬಂದೆ. ಆಮೇಲೆ ಯಾರೂ ಮುಟ್ಟಿಲ್ಲ. ಈಗ ಆ ಅಮ್ಮನೇ “ಈ ವಾರ ಏನು ಬಂತು?” ಅಂತ ಕೇಳುತ್ತಾರೆ.

ಕಳ್ಳರಿಗಿಂತ ಜಾಸ್ತಿ ಕಾಟ ಇರುವೆಗಳದ್ದು. ಬೆಚ್ಚಗಿನ ಪೆಟ್ಟಿಗೆ ಸಿಕ್ಕರೆ ಒಂದೇ ವಾರದಲ್ಲಿ ಮೊಟ್ಟೆ ತುಂಬುತ್ತವೆ. ಹೋದಾಗಲೆಲ್ಲ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಗುಡಿಸುತ್ತೇನೆ. ಮುಚ್ಚಳದ ರಬ್ಬರನ್ನು ಒಣ ಬಟ್ಟೆಯಲ್ಲಿ ಒರೆಸಲೇಬೇಕು, ಒಂದು ಮರಳಿನ ಕಣ ಸಿಕ್ಕಿಕೊಂಡರೂ ನೀರು ಒಳಗೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಬದಲಿಸುತ್ತೇನೆ. ಎಂಟು ಪೆನ್ಸಿಲ್ ಸೆಲ್‌ಗಳನ್ನೂ ಒಟ್ಟಿಗೇ ಬದಲಿಸುತ್ತೇನೆ, ಹಳತು ಹೊಸತು ಬೆರೆಸುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಬಿಚ್ಚಿ ಮನೆಗೆ ತರುತ್ತೇನೆ.

ಜನವರಿಯಲ್ಲಿ ಒಂದು ರಾತ್ರಿ ಚಿರತೆ ಬಂತು. ಎಡಮಗ್ಗುಲು ಪೂರ್ತಿ ಕಾಣುತ್ತಿತ್ತು, ಒಂದೊಂದು ಚುಕ್ಕೆಯೂ ಸ್ಪಷ್ಟ. ಹದಿನೈದು ದಿನಕ್ಕೆ ಚಿರತೆಯ ಮತ್ತೊಂದು ಫೋಟೋ ಸಿಕ್ಕಿತು, ಅದರಲ್ಲಿ ಬಲಮಗ್ಗುಲು. ಎರಡು ಮಗ್ಗುಲಿನ ಚುಕ್ಕೆ ಬೇರೆ ಬೇರೆ ಇರುವುದರಿಂದ ಅದೇನಾ, ಇನ್ನೊಂದಾ ಹೇಳಲಾಗದು. ಹುಲಿ ಗಣತಿಯವರು ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡುವುದು ಇದಕ್ಕೇ. ಆ ಫೋಟೋವನ್ನು ಮನೆಯವರಿಗೂ ಆ ಅಮ್ಮನಿಗೂ ತೋರಿಸಿದೆ. ವಾಟ್ಸ್‌ಆ್ಯಪ್‌ಗೆ ಹಾಕಲಿಲ್ಲ. ಹಿಂದಿನ ಬಂಡೆ ನೋಡಿದರೆ ಊರಿನವರಿಗೆ ಜಾಗ ಗೊತ್ತಾಗುತ್ತದೆ, ಉರುಳು ಹಾಕುವವರಿಗೂ ಗೊತ್ತಾಗುತ್ತದೆ. ಈ ಅಡಿಕೆ ಕೊಯ್ಲು ಮುಗಿದ ಮೇಲೆ ಎದುರು ಬದಿಗೆ ಇನ್ನೊಂದು ಕ್ಯಾಮೆರಾ ಕಟ್ಟುವವನಿದ್ದೇನೆ.